ಬಸ್ಸು ಐದಕ್ಕೆ, ಸಭೆ ಹತ್ತಕ್ಕೆ, ರೂಮು ಎರಡಕ್ಕೆ!

ವ್ಯವಹಾರಕ್ಕೆಂದು ಬೆಂಗಳೂರು, ಮುಂಬೈಗೆ ಹೋದಾಗ ದೊಡ್ಡ ಹೋಟೆಲ್ ಆರಿಸುವುದು ಹೇಗೆ? ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲದ ಅಂಕಣ.

ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ. ಜನವರಿಯಲ್ಲಿ ಬೆಂಗಳೂರಿನ ಯಂತ್ರೋಪಕರಣ ಪ್ರದರ್ಶನ ಐಎಂಟೆಕ್ಸ್‌ಗೆ ಹೋಗುವುದಿದೆ, ಅಲ್ಲೇ ಗಿರಾಕಿಗಳ ಜೊತೆ ಮಾತುಕತೆಯೂ ಇದೆ. ಈ ಸಲ ಲಾಡ್ಜ್ ಬೇಡ, ಫೈವ್ ಸ್ಟಾರ್‌ನಲ್ಲೇ ಇಳಿಯೋಣ ಅಂತ ಪಾಲುದಾರರ ಹಟ. ಎಂ.ಜಿ. ರೋಡ್ ಕಡೆ ನೋಡುತ್ತಿದ್ದೇವೆ. ಸರಿಯೇ?
– ಓದುಗರು, ಬೆಳಗಾವಿ

ಹೋಟೆಲ್ ಒಳ್ಳೆಯದೇ ಸಿಕ್ಕೀತು, ದಿಕ್ಕು ತಪ್ಪು. ಐಎಂಟೆಕ್ಸ್ ನಡೆಯುವ ಪ್ರದರ್ಶನ ಕೇಂದ್ರ ಬಿಐಇಸಿ ಇರುವುದು ತುಮಕೂರು ರಸ್ತೆಯ ಮಾದಾವರದಲ್ಲಿ. ಬೆಳಗಾವಿಯಿಂದ ಹೋಗುವ ಬಸ್ಸು ಆ ಜಾಗವನ್ನು ದಾಟಿಯೇ ಊರೊಳಗೆ ಬರುತ್ತದೆ. ಎಂ.ಜಿ. ರೋಡಿನಲ್ಲಿ ಇಳಿದರೆ ದಿನಾ ಬೆಳಿಗ್ಗೆ ಬಂದ ದಾರಿಗೇ ಸುಂಕ ಕಟ್ಟಿದ ಹಾಗೆ. ಸಂಜೆ ಗೊರಗುಂಟೆಪಾಳ್ಯದಲ್ಲಿ ಕಾರು ನಿಂತಾಗ ಐದು ಸ್ಟಾರ್‌ಗಳೂ ಕೆಲಸಕ್ಕೆ ಬರುವುದಿಲ್ಲ.

ಯಶವಂತಪುರ, ಮಲ್ಲೇಶ್ವರ, ರಾಜಾಜಿನಗರದ ಸುತ್ತ ನೋಡಿ. ಬ್ರಿಗೇಡ್ ಗೇಟ್‌ವೇಯ ಶೆರಟಾನ್ ಗ್ರ್ಯಾಂಡ್ ಇದೆ, ಅದಕ್ಕೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಮೆಟ್ರೊ ನಿಲ್ದಾಣ ಹತ್ತಿರ. ತಾಜ್ ಯಶವಂತಪುರ ಇದೆ, ಅದಕ್ಕೆ ರೈಲು ನಿಲ್ದಾಣವೂ ಮೆಟ್ರೊವೂ ಪಕ್ಕದಲ್ಲೇ. ಹಸಿರು ಮಾರ್ಗ 2024ರ ನವೆಂಬರ್‌ನಲ್ಲಿ ನಾಗಸಂದ್ರದಿಂದ ಮಾದಾವರದವರೆಗೆ ಮುಂದುವರಿದಿದೆ. ಈ ಎರಡೂ ಕಡೆಯಿಂದ ಹತ್ತಿದರೆ ಬಿಐಇಸಿಯ ಬಳಿಯೇ ಇಳಿಯಬಹುದು, ಬದಲಾಯಿಸುವ ಗೊಡವೆ ಇಲ್ಲ. ಎಂ.ಜಿ. ರೋಡಿನಿಂದಾದರೆ ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು, ಮೆಟ್ಟಿಲು ಹತ್ತಿಳಿದು, ಜನದ ನಡುವೆ ನುಗ್ಗಿ ಹಸಿರು ಮಾರ್ಗ ಹಿಡಿಯಬೇಕು. ಕೈಯಲ್ಲಿ ಎರಕದ ಸ್ಯಾಂಪಲ್ ಇದ್ದರಂತೂ ಬೇಡವೇ ಬೇಡ.

ಇದೇ ಸಭೆ ವೈಟ್‌ಫೀಲ್ಡ್‌ನಲ್ಲಿದ್ದರೆ ಮೇಲೆ ಹೇಳಿದ್ದೆಲ್ಲ ತಿರುವುಮುರುವು. ಮೊದಲು ಸಭೆಯ ಜಾಗ, ಆಮೇಲೆ ಹೋಟೆಲ್. ಮ್ಯಾಪಿನಲ್ಲಿ ಅಂತರ ನೋಡುವಾಗ ಕಿಲೋಮೀಟರ್ ಬಿಡಿ. ವಾರದ ಕೆಲಸದ ದಿನ, ಬೆಳಿಗ್ಗೆ ಒಂಬತ್ತೂವರೆಗೆ ತಲುಪಬೇಕು ಎಂದು ಕೊಟ್ಟು ಸಮಯ ನೋಡಿ. ರಾತ್ರಿ ಹತ್ತಕ್ಕೆ ಮನೆಯಲ್ಲಿ ಕೂತು ನೋಡಿದರೆ ಬೆಂಗಳೂರಿನ ಎಲ್ಲ ಹೋಟೆಲ್‌ಗಳೂ ಹತ್ತಿರವೇ ಕಾಣುತ್ತವೆ.

ಪ್ರದರ್ಶನದ ವಾರ ಆ ಭಾಗದ ರೂಮುಗಳು ಬೇಗ ಮುಗಿದು ದರ ಏರುತ್ತದೆ. ಸ್ವಲ್ಪ ಹೆಚ್ಚಾದರೂ ರದ್ದು ಮಾಡಬಹುದಾದ ದರದಲ್ಲೇ ಮೊದಲು ಹಿಡಿದಿಡಿ. ಬೆಸ ವರ್ಷಗಳ ಫೆಬ್ರುವರಿಯಲ್ಲಿ ವಿಮಾನ ಪ್ರದರ್ಶನ ಏರೋ ಇಂಡಿಯಾ ಇರುತ್ತದೆ. ಆಗ ಹೆಬ್ಬಾಳ, ಯಲಹಂಕದ ಕಡೆಗೂ ಇದೇ ಮಾತು.

ರಾಣಿ ಚೆನ್ನಮ್ಮ ರೈಲಿನಲ್ಲಿ ಬಂದು ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ನೇರ ಹೋಟೆಲ್‌ಗೆ ಹೋದೆ. ರೂಮು ಮಧ್ಯಾಹ್ನ ಎರಡಕ್ಕೇ ಅಂದರು. ಹನ್ನೆರಡು ಸಾವಿರ ಕೊಟ್ಟೂ ಲಾಬಿಯ ಶೌಚಾಲಯದಲ್ಲಿ ಅಂಗಿ ಬದಲಿಸಿ ಸಭೆಗೆ ಹೋಗಬೇಕಾಯಿತು. ಇದೆಂಥ ನ್ಯಾಯ?
– ಓದುಗರು, ಗೋಕಾಕ

ನಮ್ಮ ಕಡೆಯವರಿಗೆ ಹೆಚ್ಚು ಬೀಳುವ ಪೆಟ್ಟು ಇದೇ. ರಾಣಿ ಚೆನ್ನಮ್ಮ, ಗೋಲ ಗುಂಬಜ್, ಸ್ಲೀಪರ್ ಬಸ್ಸು ಎಲ್ಲವೂ ಇಳಿಸುವುದು ಬೆಳಗಿನ ಹೊತ್ತಿಗೆ. ಅನೇಕ ಲಾಡ್ಜ್‌ಗಳಲ್ಲಿ ನೀವು ಬಂದ ಗಂಟೆಯಿಂದ ಇಪ್ಪತ್ತನಾಲ್ಕು ಗಂಟೆ ಎಣಿಸುತ್ತಾರೆ. ದೊಡ್ಡ ಹೋಟೆಲ್ ಮಾರುವುದು ಗಂಟೆಯನ್ನಲ್ಲ, ರಾತ್ರಿಯನ್ನು. ಹಿಂದಿನ ಅತಿಥಿ ಹನ್ನೊಂದು-ಹನ್ನೆರಡಕ್ಕೆ ಬಿಡುತ್ತಾನೆ, ಹಾಸಿಗೆ ಬದಲಿಸಿ ಬಚ್ಚಲು ತೊಳೆದು ನಿಮಗೆ ಕೊಡುವಾಗ ಎರಡೋ ಮೂರೋ ಆಗುತ್ತದೆ.

ಹತ್ತಕ್ಕೇ ಸಭೆ ಇದ್ದರೆ ಗ್ಯಾರಂಟಿ ದಾರಿ ಒಂದೇ: ಹಿಂದಿನ ರಾತ್ರಿಯನ್ನೂ ಸೇರಿಸಿ ಬುಕ್ ಮಾಡುವುದು. 22ರ ಬೆಳಿಗ್ಗೆ ಆರಕ್ಕೆ ಬರುವುದಿದ್ದರೆ ಬುಕಿಂಗ್ 21ರಿಂದ ಇರಬೇಕು. ಇಲ್ಲೊಂದು ಹೊಂಡವಿದೆ. ನಡುರಾತ್ರಿ ದಾಟಿದ ಮೇಲೆ ಹೋಟೆಲ್‌ನವರು ಆ ದಿನದ ಲೆಕ್ಕ ಮುಗಿಸುತ್ತಾರೆ, ನೈಟ್ ಆಡಿಟ್ ಅನ್ನುವುದು ಅದಕ್ಕೇ. ಅಷ್ಟರೊಳಗೆ ಬಾರದವರ ಹೆಸರಿನ ಮುಂದೆ ನೋ-ಶೋ ಬೀಳುತ್ತದೆ. ಒಂದು ರಾತ್ರಿಯ ಬಾಡಿಗೆ ಮುರಿದುಕೊಂಡು ಉಳಿದ ರಾತ್ರಿಗಳನ್ನೂ ರದ್ದು ಮಾಡುವುದುಂಟು. ನೀವು ತುಮಕೂರಿನ ಹತ್ತಿರ ಗೊರಕೆ ಹೊಡೆಯುತ್ತಿರುವಾಗ ನಿಮ್ಮ ರೂಮು ಬೇರೆಯವರ ಪಾಲಾಗಿರುತ್ತದೆ. ಆದ್ದರಿಂದ “21ರ ಬುಕಿಂಗ್, ಬರುವುದು 22ರ ಬೆಳಿಗ್ಗೆ ಆರಕ್ಕೆ, ನೋ-ಶೋ ಹಾಕಬೇಡಿ” ಎಂದು ಹೋಟೆಲ್‌ಗೇ ಇಮೇಲ್ ಬರೆದು ಉತ್ತರ ತರಿಸಿಕೊಳ್ಳಿ. ಬುಕಿಂಗ್ ಆ್ಯಪಿನ ‘ವಿಶೇಷ ವಿನಂತಿ’ ಪೆಟ್ಟಿಗೆಯಲ್ಲಿ ಬರೆದರೆ ಸಾಲದು, ಅದು ಬರೀ ವಿನಂತಿ.

ಅಷ್ಟು ಖರ್ಚು ಬೇಡವೆಂದರೆ ಹಣ ಕೊಟ್ಟು ಖಚಿತಪಡಿಸುವ ಅರ್ಲಿ ಚೆಕ್-ಇನ್ ಇದೆಯೇ ಕೇಳಿ. ಅದೂ ಇಲ್ಲದಿದ್ದರೆ ಚೀಲ ಇಟ್ಟುಕೊಂಡು ಜಿಮ್ಮಿನ ಪಕ್ಕದ ಶವರ್ ಬಳಸಲು ಬಿಡುತ್ತಾರಾ ಎಂದು ಮುಂಚೆಯೇ ಕೇಳಬಹುದು. ಬಹಳ ಕಡೆ ಬಿಡುತ್ತಾರೆ, ಕೇಳುವವರು ಕಡಿಮೆ. ಸಭೆ ಮರುದಿನ ಇದ್ದರೆ ತಲೆನೋವೇ ಇಲ್ಲ: 2025ರ ಆಗಸ್ಟ್‌ನಲ್ಲಿ ಶುರುವಾದ ಬೆಳಗಾವಿ–ಬೆಂಗಳೂರು ವಂದೇ ಭಾರತ್ ನಸುಕಿನಲ್ಲಿ ಹೊರಟು ಮಧ್ಯಾಹ್ನ ಎರಡರ ಸುಮಾರಿಗೆ ಇಳಿಸುತ್ತದೆ. ಚೆಕ್-ಇನ್‌ಗೆ ಹೇಳಿ ಮಾಡಿಸಿದ ಹೊತ್ತು.

ಇಂಡಿ ಲಿಂಬೆ, ಒಣದ್ರಾಕ್ಷಿ ವ್ಯಾಪಾರ ನಮ್ಮದು. ಮುಂಬೈಯಲ್ಲಿ ಮೊದಲ ದಿನ ವಾಶಿ ಎಪಿಎಂಸಿ, ಮರುದಿನ ಬೆಳಿಗ್ಗೆ ಬಿಕೆಸಿಯಲ್ಲಿ (ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್) ರಫ್ತು ಕಂಪನಿಯ ಸಭೆ. ಒಂದು ರಾತ್ರಿಯಾದರೂ ಕೊಲಾಬಾದ ತಾಜ್‌ನಲ್ಲಿ ಇರಬೇಕೆಂಬ ಆಸೆ.
– ಓದುಗರು, ವಿಜಯಪುರ

1903ರಲ್ಲಿ ಬಾಗಿಲು ತೆರೆದ ಹೋಟೆಲ್ ಅದು. ಆಸೆ ತಪ್ಪಲ್ಲ, ದಿನ ತಪ್ಪು. ವಾಶಿ ಮಾರುಕಟ್ಟೆಯ ವ್ಯವಹಾರ ನಸುಕಿನಲ್ಲೇ ಕಾವೇರುತ್ತದೆ. ಪುಣೆ ಕಡೆಯಿಂದ ಬರುವ ಬಸ್ಸಿಗೆ ಪನವೇಲ್, ವಾಶಿ ಮೊದಲು, ಮುಂಬೈ ಆಮೇಲೆ. ಹಾಗಾಗಿ ವಾಶಿಯಲ್ಲೇ ಇಳಿದು ಕೆಲಸ ಮುಗಿಸಿ, ಮಧ್ಯಾಹ್ನ ಕಡಲ ಖಾಡಿಯ ಸೇತುವೆ ದಾಟಿ ಬಿಕೆಸಿ ಸೇರಿ ರಾತ್ರಿ ಅಲ್ಲೇ ಮಲಗಿ. ಸೋಫಿಟೆಲ್, ಟ್ರೈಡೆಂಟ್ ಎರಡೂ ಆ ಆವರಣದಲ್ಲೇ ಇವೆ. ವಾಶಿಯಲ್ಲಿ ಮಲಗಿ ಬೆಳಿಗ್ಗೆ ಹೊರಟರೆ ಮುಂಬೈಗೆ ಕೆಲಸಕ್ಕೆ ಹೋಗುವವರ ಇಡೀ ದಂಡು ನಿಮ್ಮ ಜೊತೆ ಸೇತುವೆ ಮೇಲಿರುತ್ತದೆ.

ತಾಜ್‌ನ ರಾತ್ರಿಯನ್ನು ಸಭೆ ಮುಗಿದ ಮೇಲೆ ಇಟ್ಟುಕೊಳ್ಳಿ. ಆರೆಯಿಂದ ಕಫ್ ಪರೇಡ್‌ವರೆಗಿನ ಮೆಟ್ರೊ 3 2025ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ, ಬಿಕೆಸಿಯಲ್ಲಿ ಹತ್ತಿದರೆ ದಕ್ಷಿಣ ಮುಂಬೈಗೆ ಟ್ರಾಫಿಕ್ಕಿನ ಹಂಗಿಲ್ಲ. ವಾಪಸ್ ವಿಮಾನವಾದರೆ ಟಿಕೆಟ್ ಸರಿಯಾಗಿ ಓದಿ: ಈಗ ನವಿ ಮುಂಬೈಗೆ ಬೇರೆಯೇ ವಿಮಾನ ನಿಲ್ದಾಣವಿದೆ. ಹಳೆಯದರಲ್ಲೂ ಟಿ1, ಟಿ2 ಬೇರೆ ಬೇರೆ.

ಬಾಡಿಗೆಯ ಜಿಎಸ್‌ಟಿ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ನಮ್ಮ ತೆರಿಗೆಯಲ್ಲಿ ಕಳೆಯುವುದು) ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ. ಯಾಕೆ?
– ಓದುಗರು, ಬೆಳಗಾವಿ

ರೂಮು ಯಾವ ರಾಜ್ಯದಲ್ಲಿದೆಯೋ ಸೇವೆ ಅಲ್ಲೇ ಸಿಕ್ಕಿತೆಂದು ಕಾನೂನಿನ ಲೆಕ್ಕ. ಬೆಂಗಳೂರಿನ ಬಿಲ್ಲಿನಲ್ಲಿ ಕೇಂದ್ರ ಮತ್ತು ಕರ್ನಾಟಕದ ತೆರಿಗೆ ಇರುತ್ತದೆ. ನಿಮ್ಮ ನೋಂದಣಿಯೂ ಕರ್ನಾಟಕದ್ದೇ, ಕ್ರೆಡಿಟ್ ಸಿಗುತ್ತದೆ. ಮುಂಬೈ ಬಿಲ್ಲಿನಲ್ಲಿ ಕೇಂದ್ರ ಮತ್ತು ಮಹಾರಾಷ್ಟ್ರದ ತೆರಿಗೆ. ಅಲ್ಲಿ ನಿಮಗೆ ನೋಂದಣಿ ಇಲ್ಲದಿದ್ದರೆ ಎರಡೂ ಪಾಲು ಕೈಬಿಟ್ಟ ಹಾಗೆ. ಬೆಳಗಾವಿಯಿಂದ ಕೊಲ್ಹಾಪುರ ಎಷ್ಟೇ ಹತ್ತಿರವಿರಲಿ, ಅಲ್ಲಿಗೂ ಇದೇ ನಿಯಮ.

ದರದ ಗೆರೆಯನ್ನೂ ನೋಡಿ. 2025ರ ಸೆಪ್ಟೆಂಬರ್ 22ರಿಂದ ರಾತ್ರಿಗೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5, ಅದಕ್ಕಿಂತ ಮೇಲೆ ಶೇ. 18. 7,400ರ ರೂಮಿಗೆ ತೆರಿಗೆ ಸೇರಿ 7,770. 7,600ರ ರೂಮಿಗೆ 8,968. ಬಾಡಿಗೆಯಲ್ಲಿ ಇನ್ನೂರರ ವ್ಯತ್ಯಾಸ, ಬಿಲ್ಲಿನಲ್ಲಿ 1,198! ಬೆಂಗಳೂರಿನಲ್ಲಾದರೆ 1,368ರ ತೆರಿಗೆ ಕ್ರೆಡಿಟ್ ಆಗಿ ವಾಪಸ್ ಬರುವುದರಿಂದ ಹೆದರಬೇಡಿ. ಮುಂಬೈಯಲ್ಲಾದರೆ ಈ ಗೆರೆಯ ಆಸುಪಾಸಿನ ರೂಮಿಗೆ ಚೌಕಾಸಿ ಮಾಡಲೇಬೇಕು.

ರೆಸ್ಟೊರೆಂಟ್‌ನಲ್ಲಿ ಬೇರೆಯಾಗಿ ಬಿಲ್ ಮಾಡಿಸಿದ ಊಟದ ತೆರಿಗೆಗೆ ಕ್ರೆಡಿಟ್ ಎಲ್ಲೂ ಇಲ್ಲ. ಇನ್ನು ಜಿಎಸ್‌ಟಿ ನಂಬರನ್ನು ಚೆಕ್-ಇನ್ ಹೊತ್ತಿಗೇ ಬರೆಸಿ, ಸಂಸ್ಥೆಯ ಹೆಸರು ನೋಂದಣಿಯಲ್ಲಿದ್ದಂತೆಯೇ ಇರಲಿ. ಬಿಲ್ ಮುಚ್ಚಿದ ಮೇಲೆ ತಿದ್ದಿಸುವುದು ಕಷ್ಟ. ಹೋಟೆಲ್‌ನವರು ರಿಟರ್ನ್‌ನಲ್ಲಿ ನಿಮ್ಮ ನಂಬರ್ ತೋರಿಸದಿದ್ದರೆ ನಿಮ್ಮ ಜಿಎಸ್‌ಟಿಆರ್-2ಬಿಯಲ್ಲಿ (ನಿಮಗೆ ಸಿಗುವ ಕ್ರೆಡಿಟ್ಟಿನ ಪಟ್ಟಿ) ಅದು ಕಾಣುವುದೇ ಇಲ್ಲ. ಆ್ಯಪಿನಲ್ಲಿ ಮುಂಗಡ ಕಟ್ಟಿದ್ದರೆ ನಂಬರನ್ನು ಅಲ್ಲೇ, ಬುಕ್ ಮಾಡುವಾಗಲೇ ಹಾಕಿರಬೇಕು.

ಗ್ರಾನೈಟ್ ನೋಡಲು ಬರುವ ವಿದೇಶಿ ಗಿರಾಕಿಗಳನ್ನು ಬೆಂಗಳೂರಿನಲ್ಲಿ ಇಳಿಸಬೇಕು. ಆ್ಯಪಿನಲ್ಲಿ ಫೈವ್ ಸ್ಟಾರ್ ಎಂದಿದ್ದರೆ ನಂಬಬಹುದೇ?
– ಓದುಗರು, ಇಳಕಲ್ಲ

ಆ್ಯಪಿನ ಸ್ಟಾರ್ ಆ್ಯಪಿನದ್ದೇ. ಅಧಿಕೃತ ದರ್ಜೆ ಕೊಡುವುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸಮಿತಿ, ಅದರ ಅವಧಿ ಐದು ವರ್ಷ. ಆದರೆ ಅರ್ಜಿ ಹಾಕುವುದು ಹೋಟೆಲ್‌ನ ಇಷ್ಟ, ಆದ್ದರಿಂದ ದರ್ಜೆ ಇಲ್ಲದ್ದೆಲ್ಲ ಕೆಟ್ಟದ್ದಲ್ಲ. ಸ್ಟಾರ್‌ಗಿಂತ ಇವನ್ನು ಕೇಳಿ: ನಾಲ್ಕು ಜನ ಕೂತು ಕಲ್ಲಿನ ಸ್ಯಾಂಪಲ್ ಹರಡಿ ಮಾತಾಡಲು ಕೋಣೆ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆಯೇ? ಎಕ್ಸಿಕ್ಯುಟಿವ್ ಲೌಂಜ್ (ಹೆಚ್ಚಿನ ದರದ ರೂಮಿನವರಿಗೆಂದೇ ಇರುವ ಕೂರುವ ಜಾಗ) ಬಳಸಬಹುದಾದ ರೂಮು ಹಿಡಿದರೆ ಸಭೆಯ ಕೋಣೆ ಒಂದೆರಡು ಗಂಟೆ ಉಚಿತವಾಗಿ ಸೇರಿರುವುದುಂಟು. ಸಂಜೆಯ ಚಹಾ-ತಿಂಡಿಯೂ ಅಲ್ಲೇ ಆಗುವುದರಿಂದ ಹೆಚ್ಚಿನ ದರ ಬಹುಮಟ್ಟಿಗೆ ತೂಗುತ್ತದೆ. ರೂಮು ಲಿಫ್ಟಿನಿಂದ ದೂರ, ರಸ್ತೆಗೆ ಬೆನ್ನು ಮಾಡಿ ಇರಲಿ ಎಂದು ಬರೆಸಿ. ರಾತ್ರಿ ಎರಡಕ್ಕೆ ವಿಮಾನ ಇಳಿಯುವವರಿಗಾದರೆ ಮೊದಲ ರಾತ್ರಿ ನಿಲ್ದಾಣದ ಆವರಣದಲ್ಲೇ ಇರುವ ತಾಜ್ ಸಾಕು, ದೇವನಹಳ್ಳಿಯಿಂದ ಎಂ.ಜಿ. ರೋಡಿಗೆ ಸುಮಾರು 35 ಕಿ.ಮೀ. ಇದೆ. ಅವರ ಮೂಲ ಪಾಸ್‌ಪೋರ್ಟ್, ವೀಸಾ ಕೈಯಲ್ಲೇ ಇರಲಿ. ವಿದೇಶಿಯರ ಮಾಹಿತಿಯನ್ನು ಹೋಟೆಲ್ ಸರ್ಕಾರಕ್ಕೆ ಕೊಡಲೇಬೇಕು.

ಬಾಡಿಗೆ ಮೊದಲೇ ಕಟ್ಟಿದ್ದರೂ ಕೌಂಟರ್‌ನಲ್ಲಿ ಕಾರ್ಡ್ ಉಜ್ಜಿದರು. ಹಣ ವಾಪಸ್ ಬರಲು ವಾರವಾಯಿತು.
– ಓದುಗರು, ಜಮಖಂಡಿ

ಅದು ಊಟ, ಲಾಂಡ್ರಿಗೆಂದು ಇಡುವ ಠೇವಣಿ. ಕ್ರೆಡಿಟ್ ಕಾರ್ಡಿನಲ್ಲಾದರೆ ಮಿತಿಯನ್ನಷ್ಟೇ ತಡೆಹಿಡಿಯುತ್ತಾರೆ, ಡೆಬಿಟ್ ಕಾರ್ಡಿನಲ್ಲಿ ಖಾತೆಯ ಹಣವೇ ಸಿಕ್ಕಿಬೀಳುತ್ತದೆ. ಕ್ರೆಡಿಟ್ ಕಾರ್ಡನ್ನೇ ಕೊಡಿ. ಇಲ್ಲವೇ ಎಲ್ಲಕ್ಕೂ ಆಗಿಂದಾಗ್ಗೆ ಹಣ ಕೊಡುತ್ತೇನೆಂದು ಹೇಳಿ ಠೇವಣಿ ಕಡಿಮೆ ಮಾಡಿಸಿ.

ನಾವು ಶುದ್ಧ ಸಸ್ಯಾಹಾರಿಗಳು. ಬೆಳಗಿನ ಬಫೆ ಸೇರಿಸಿ ಬುಕ್ ಮಾಡಬೇಕೇ? ಸರ್ವಿಸ್ ಚಾರ್ಜ್ ಕೊಡಲೇಬೇಕೇ?
– ಓದುಗರು, ಮುದ್ದೇಬಿಹಾಳ

ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹಾಗೆಂದು ಮಾರ್ಗಸೂಚಿ ಹೊರಡಿಸಿದೆ, ದಿಲ್ಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಎಂದರೆ ತೆಗೆಯಬೇಕು.

ಬಫೆಯ ಮಾತಿಗೆ: ಏಳೂವರೆಗೇ ಹೊರಡುವುದಿದ್ದರೆ ದುಡ್ಡು ದಂಡ. ಸಸ್ಯಾಹಾರ ಎಲ್ಲ ಕಡೆ ಇರುತ್ತದೆ, ಕೇಳಬೇಕಾದ್ದು ಹಂಚಿನ ವಿಷಯ: ಆಮ್ಲೆಟ್ ಹಾಕುವ ಹಂಚಿನಲ್ಲೇ ದೋಸೆಯೂ ಆಗುತ್ತದೆಯೇ, ಬೇರೆಯೇ? ಹಿಂದಿನ ರಾತ್ರಿ ಫೋನ್ ಮಾಡಿ ಹೇಳಿದರೆ ಬೇರೆ ಹಂಚು ಇಡುವುದುಂಟು. ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ಚೀಲದಲ್ಲಿ ಒಯ್ಯಲು ಯಾರ ಅಡ್ಡಿಯೂ ಇಲ್ಲ. ರೂಮಿನ ಫ್ರಿಜ್‌ನಲ್ಲಿ ಮೊಸರು ಇಡುವ ಮುನ್ನ ಅದು ಸೆನ್ಸರ್ ಇರುವ ಮಿನಿಬಾರ್ ಅಲ್ಲವೆಂದು ಕೇಳಿಕೊಳ್ಳಿ, ಅಂಥದ್ದರಲ್ಲಿ ಒಳಗಿನ ಬಾಟಲಿ ಸರಿಸಿದರೂ ಬಿಲ್ ಬೀಳುತ್ತದೆ.