ಎಂಆರ್‌ಐ ಸ್ಪೆಕ್ಟ್ರೋಸ್ಕೋಪಿಯಿಂದ ಡೋಪಮೈನ್ ಅಳೆಯಬಹುದೇ?

ಎಂಆರ್‌ಐ ಯಂತ್ರದಲ್ಲಿಯೇ ಸ್ಪೆಕ್ಟ್ರೋಸ್ಕೋಪಿ ಎಂಬ ವಿಧಾನದಿಂದ ಮಿದುಳಿನ ರಾಸಾಯನಿಕಗಳನ್ನು ಅಳೆಯುವುದಾದರೆ, ಡೋಪಮೈನ್, ಸೆರೊಟೋನಿನ್ ಎಷ್ಟಿವೆಯೆಂದು ನೋಡಿ ಖಿನ್ನತೆಯನ್ನು ಏಕೆ ಪತ್ತೆ ಹಚ್ಚುವುದಿಲ್ಲ ಎಂದು ಕೇಳಿದ್ದೀರಿ. ಕೋಲಾರದ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ತಂತ್ರಜ್ಞನಾಗಿರುವ ನನ್ನನ್ನು ರೋಗಿಗಳ ಕಡೆಯವರೂ ಆಗಾಗ ಇದನ್ನೇ ಕೇಳುತ್ತಾರೆ. ಅವೆರಡನ್ನೂ ಈ ವಿಧಾನದಿಂದ ಅಳೆಯಲಾಗದು.

ಚಿತ್ರ ತೆಗೆಯುವಾಗಲೂ ಸ್ಪೆಕ್ಟ್ರೋಸ್ಕೋಪಿ ಮಾಡುವಾಗಲೂ ಯಂತ್ರವು ಸಾಮಾನ್ಯವಾಗಿ ಆಲಿಸುವುದು ಹೈಡ್ರೋಜನ್ ಪರಮಾಣುವಿನ ಬೀಜಕೇಂದ್ರದ ರೇಡಿಯೊ ಸಂಕೇತವನ್ನೇ. ಆ ಹೈಡ್ರೋಜನ್ ಯಾವ ಅಣುವಿನಲ್ಲಿದೆಯೋ ಅದರ ಎಲೆಕ್ಟ್ರಾನುಗಳ ಮರೆಯಿಂದಾಗಿ ಸಂಕೇತದ ಆವರ್ತನವು ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಸರಿಯುತ್ತದೆ. ಹೀಗಾಗಿ, ಹತ್ತು ಲಕ್ಷಕ್ಕೆ ಎಷ್ಟು ಪಾಲು ಎಂಬ ಈ ಅಳತೆಪಟ್ಟಿಯಲ್ಲಿ, ನರಕೋಶಗಳಲ್ಲಿ ಹೇರಳವಾಗಿರುವ ಎನ್-ಅಸಿಟೈಲ್ ಆಸ್ಪರ್ಟೇಟ್ ಎಂಬ ವಸ್ತು, ಅಂದರೆ ಎನ್‌ಎಎ 2.0ರಲ್ಲಿ, ಕ್ರಿಯಾಟಿನ್ 3.0ರಲ್ಲಿ, ಕೋಲಿನ್ 3.2ರಲ್ಲಿ ಬೇರೆ ಬೇರೆ ಶಿಖರಗಳಾಗಿ ಕಾಣಿಸುತ್ತವೆ. ಆದರೆ 4.7ರಲ್ಲಿರುವ ನೀರಿನ ಸಂಕೇತ ಇವುಗಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ದೊಡ್ಡದು. ನಮ್ಮೂರಿನ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರ ನಡುವೆ ನಿಂತು ಯಾರದೋ ಪಿಸುಮಾತನ್ನು ಕೇಳಿಸಿಕೊಳ್ಳಬೇಕಾದಂತೆ, ಮೊದಲು ನೀರಿನ ಬಾಯಿ ಮುಚ್ಚಿಸಬೇಕು. ಆಮೇಲೆ ಪ್ರತಿ ಬದಿ ಎರಡು ಸೆಂಟಿಮೀಟರ್ ಇರುವ ಘನದಷ್ಟು, ಎಂದರೆ ಎಂಟು ಮಿಲಿಲೀಟರಿನಷ್ಟು ಭಾಗವನ್ನು ಗುರುತಿಸಿ ಹಲವು ನಿಮಿಷ ಸಂಕೇತವನ್ನು ಕೂಡಿಸುತ್ತಲೇ ಇರಬೇಕು. (ಆ ಭಾಗವನ್ನು ತಲೆಬುರುಡೆಗೆ ತೀರಾ ಹತ್ತಿರ ಇಟ್ಟರೆ ನೆತ್ತಿಯ ಕೊಬ್ಬು ಬಂದು ಎಲ್ಲವನ್ನೂ ಕೆಡಿಸುತ್ತದೆ.) ಇಷ್ಟು ಮಾಡಿದರೂ ಕೇಳಿಸುವುದು ಲೀಟರಿಗೆ ಒಂದು ಮಿಲಿಮೋಲಿನ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಹೆಚ್ಚಾಗಿರುವ ವಸ್ತುಗಳು ಮಾತ್ರ. ಡೋಪಮೈನ್, ಸೆರೊಟೋನಿನ್ ಮೈಕ್ರೊಮೋಲ್ (ಮಿಲಿಮೋಲಿನ ಸಾವಿರದ ಒಂದು ಪಾಲು) ಲೆಕ್ಕದವು; ಅವು ಸದ್ದಿನಲ್ಲಿ ಮುಳುಗಿಹೋಗುತ್ತವೆ.

ನರಕೋಶಗಳ ನಡುವೆ ಸಂದೇಶ ಒಯ್ಯುವ ಇಂತಹ ರಾಸಾಯನಿಕಗಳ, ಅಂದರೆ ನರವಾಹಕಗಳ ಪೈಕಿ ಗ್ಲುಟಮೇಟ್ ಮತ್ತು ಗಾಬಾ ಎರಡು ಸಿಗುತ್ತವೆ. ಗಾಬಾ ಕ್ರಿಯಾಟಿನ್ ಶಿಖರದ ಅಡಿಯಲ್ಲೇ ಅಡಗಿರುವುದರಿಂದ ಅದನ್ನು ಬೇರ್ಪಡಿಸಲು ರೇಡಿಯೊ ಸ್ಪಂದಗಳ ವಿಶೇಷ ಕ್ರಮ ಬೇಕು, ಕನಿಷ್ಠ 3 ಟೆಸ್ಲಾ ಕಾಂತಬಲದ ಯಂತ್ರವಿದ್ದರೆ ಒಳ್ಳೆಯದು. ಸಿಕ್ಕ ಸಂಖ್ಯೆಯಾದರೂ ಆ ಎಂಟು ಮಿಲಿಲೀಟರಿನ ಒಟ್ಟು ಮೊತ್ತ. ಅದರಲ್ಲಿ ಕೋಶದೊಳಗಿನದೆಷ್ಟು, ನರಸಂಧಿಯಲ್ಲಿ ಕೆಲಸ ಮಾಡುತ್ತಿರುವುದೆಷ್ಟು ಎಂಬುದು ತಿಳಿಯುವುದಿಲ್ಲ. ಆದ್ದರಿಂದ ಒಬ್ಬ ವ್ಯಕ್ತಿಯ ಖಿನ್ನತೆಯನ್ನು ಇದರಿಂದ ನಿರ್ಣಯಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ವೈದ್ಯರು ಸ್ಪೆಕ್ಟ್ರೋಸ್ಕೋಪಿ ಬರೆದುಕೊಡುವುದು ಹೆಚ್ಚಾಗಿ ಗಡ್ಡೆಯ ಸಂಶಯವಿದ್ದಾಗ. ಗಡ್ಡೆಯಲ್ಲಿ ಕೋಲಿನ್ ಏರಿ ಎನ್‌ಎಎ ಇಳಿದಿರುತ್ತದೆ. ಕ್ಷಯದ ಗಂಟಾದರೆ 1.3ರ ಬಳಿ ಕೊಬ್ಬಿನ ಶಿಖರ ಎದ್ದು ಕಾಣುತ್ತದೆ. ಬಹಳ ಅಪರೂಪಕ್ಕೆ, ಹುಟ್ಟಿನಿಂದಲೇ ಕ್ರಿಯಾಟಿನ್ ಕೊರತೆಯಿರುವ ಮಗುವಿನಲ್ಲಿ 3.0ರ ಶಿಖರವೇ ಹೆಚ್ಚುಕಡಿಮೆ ಇರುವುದಿಲ್ಲ. ಅಂತಹ ಕೊರತೆಯ ಕೆಲವು ಬಗೆಗಳಲ್ಲಿ ಬಾಯಿಯ ಮೂಲಕ ಕ್ರಿಯಾಟಿನ್ ಕೊಟ್ಟರೆ, ತಿಂಗಳುಗಳ ನಂತರದ ಸ್ಕ್ಯಾನಿನಲ್ಲಿ ಅದೇ ಶಿಖರ ಮತ್ತೆ ಮೇಲೇಳುವುದನ್ನು ನೋಡಬಹುದು.