ಇನ್‌ಕಾಗ್ನಿಟೊ ಸಾಕೇ, ಬ್ರೌಸರನ್ನೇ ಬದಲಿಸಬೇಕೇ?

ನಮಸ್ಕಾರ. ಕಾಫಿ ಪಲ್ಪರ್ ಯಂತ್ರದ ಬೆಲೆಯನ್ನು ಒಮ್ಮೆ ಹುಡುಕಿದ್ದಕ್ಕೆ ವಾರಗಟ್ಟಲೆ ಅದೇ ಜಾಹೀರಾತು ಬೆನ್ನು ಹತ್ತಿದೆ, ಬ್ರೌಸರಿನ ಖಾಸಗಿ ವಿಧಾನವಾದ ಇನ್‌ಕಾಗ್ನಿಟೊ ಬಳಸಿದರೆ ಸಾಕೇ ಎಂದು ಸಕಲೇಶಪುರದಿಂದ ಕೇಳಿದ್ದೀರಿ. ಸಾಲದು. ಅದು ನೀವು ನೋಡಿದ ಪುಟಗಳ ದಾಖಲೆಯನ್ನು ನಿಮ್ಮ ಫೋನಿನಲ್ಲಿ ಉಳಿಸುವುದಿಲ್ಲ, ಅಷ್ಟೆ. ನೀವು ಯಾವ ತಾಣಕ್ಕೆ ಹೋದಿರೆಂಬುದು ಇಂಟರ್ನೆಟ್ ಒದಗಿಸುವ ಕಂಪನಿಗೆ ತಿಳಿಯುತ್ತಲೇ ಇರುತ್ತದೆ.

ಜಾಹೀರಾತು ಬೆನ್ನು ಹತ್ತುವುದಕ್ಕೆ ಮುಖ್ಯ ಕಾರಣ ಮೂರನೆಯವರ ಕುಕೀಗಳು, ಅಂದರೆ ನೀವು ನೋಡುವ ತಾಣದವರಲ್ಲದೆ ಬೇರೆಯವರು ನಿಮ್ಮ ಬ್ರೌಸರಿನಲ್ಲಿ ಇಡುವ ಸಣ್ಣ ಗುರುತಿನ ಕಡತಗಳು. ಯಂತ್ರ ಮಾರುವ ತಾಣದಲ್ಲೂ ನೀವು ಬೆಳಿಗ್ಗೆ ಕಾಫಿ ಧಾರಣೆ ನೋಡುವ ತಾಣದಲ್ಲೂ ಒಂದೇ ಜಾಹೀರಾತು ಜಾಲದ ಕೋಡ್ ಇದ್ದರೆ, ಎರಡೂ ಕಡೆ ಬಂದವರು ಒಬ್ಬರೇ ಎಂದು ಆ ಜಾಲ ಗುರುತು ಹಿಡಿಯುತ್ತದೆ. ಫೈರ್‌ಫಾಕ್ಸ್ ಎಂಬ ಬ್ರೌಸರ್ ಒಂದು ತಾಣದಲ್ಲಿ ಇಟ್ಟ ಕುಕೀ ಇನ್ನೊಂದು ತಾಣದಲ್ಲಿ ಕೆಲಸಕ್ಕೆ ಬಾರದಂತೆ ಪ್ರತ್ಯೇಕಿಸುತ್ತದೆ; ಕಂಪ್ಯೂಟರ್ ಆವೃತ್ತಿಯಲ್ಲಿ 2022ರಿಂದ ಇದು ತಾನಾಗಿಯೇ ಜಾರಿಯಲ್ಲಿದೆ. ಆಂಡ್ರಾಯ್ಡ್ ಫೋನಿನಲ್ಲಿಯೂ ಅದಕ್ಕೆ ಯುಬ್ಲಾಕ್ ಒರಿಜಿನ್ ಎಂಬ, ಜಾಹೀರಾತು ತಡೆಯುವ ಉಚಿತ ಎಕ್ಸ್‌ಟೆನ್ಷನ್ ಸೇರಿಸಿಕೊಳ್ಳಬಹುದಾದ್ದರಿಂದ, ಮೂಡಿಗೆರೆಯ ನಮ್ಮ ತೋಟದಲ್ಲಿ ಸಿಗ್ನಲ್ ಕ್ಷೀಣವಾಗಿದ್ದಾಗಲೂ ಪುಟಗಳು ಹಗುರವಾಗಿ ತೆರೆದುಕೊಳ್ಳುತ್ತವೆ. ನನ್ನ ಸಲಹೆ ಇದೇ.

ಸೆಟ್ಟಿಂಗ್‌ಗಳ ಗೋಜೇ ಬೇಡವೆನ್ನುವ ಹಿರಿಯರು ಮನೆಯಲ್ಲಿದ್ದರೆ ಬ್ರೇವ್ ಎಂಬ ಬ್ರೌಸರ್ ಹಾಕಿಕೊಡಿ. ಅದು ಮೊದಲ ದಿನದಿಂದಲೇ ಜಾಹೀರಾತುಗಳನ್ನು ತಡೆಯುತ್ತದೆ. ಟಾರ್ ಎಂಬ ಇನ್ನೊಂದು ಬ್ರೌಸರ್ ನಿಮ್ಮ ಸಂಪರ್ಕವನ್ನು ಮೂರು ಸರ್ವರ್‌ಗಳ ಮೂಲಕ ಸುತ್ತಿಸುವುದರಿಂದ ನಿಧಾನ, ನಿಮ್ಮ ಅಗತ್ಯಕ್ಕೆ ಅದು ಬೇಡ.

ಯಾವುದನ್ನೇ ಹಾಕಿದರೂ ಗೂಗಲ್ ಖಾತೆಗೆ ಲಾಗಿನ್ ಆಗಿಯೇ ಹುಡುಕಿದರೆ ಆ ಹುಡುಕಾಟ ಖಾತೆಗೆ ಸೇರಬಹುದು. ಹೊಸ ಬ್ರೌಸರನ್ನು ಫೋನಿನ ಡೀಫಾಲ್ಟ್ ಮಾಡಲು ಮರೆಯಬೇಡಿ. ಇಲ್ಲವಾದರೆ ವಾಟ್ಸಾಪ್‌ನಲ್ಲಿ ಬಂದ ಲಿಂಕ್‌ಗಳು ಹಳೆಯದರಲ್ಲಿಯೇ ತೆರೆಯುತ್ತವೆ.