ಮೀಟಿಂಗಲ್ಲಿ ಕ್ಯಾಮೆರಾ ಆನ್ ಮಾಡದ ಹುಡುಗಿ

ನಾನು ಕೌನ್ಸೆಲರ್, ನನ್ನ ಹತ್ರ ಬಂದ ಈ ಹುಡುಗಿ ಒಪ್ಪಿಗೆ ಕೊಟ್ಟ ಮೇಲೇನೇ ಬರೀತಿದೀನಿ. ಹೆಸರು, ಊರು, ಕೆಲಸ ಎಲ್ಲಾ ಬದಲಾಯ್ಸಿದೀನಿ, ಚೈತ್ರ ಅಂತ ಕರೆಯೋಣ. ವಯಸ್ಸು 26, ಹಳೇ ಮೈಸೂರು ಕಡೆ ಒಂದು ತಾಲ್ಲೂಕಿನವಳು, ಬೆಂಗಳೂರಲ್ಲಿ ಪೀಜಿಲಿದ್ಕೊಂಡು ಒಂದು ಕಂಪನೀಲಿ ಕೆಲಸ ಮಾಡ್ತಾಳೆ. ರಾತ್ರಿ ನಿದ್ದೆ ಬರ್ತಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ತಿಲ್ಲ ಅಂತ ಬಂದ್ಲು. ನನ್ನ ಹತ್ರ ಬರೋರಲ್ಲಿ ಬಹಳ ಜನ ಮೊದಲು ಹೇಳೋದು ಈ ಎರಡೇ, ಅದರ ಹಿಂದೆ ಏನಿದೆ ಅಂತ ತಿಳಿಯೋಕೆ ಟೈಮ್ ಹಿಡಿಯುತ್ತೆ.

ಚೈತ್ರ ಮಾತುಗಾತಿ. ಮೊದಲ ಸಲ ಬಂದಾಗ ಪೂರ್ತಿ ಮುಕ್ಕಾಲು ಗಂಟೆ ಬೆಂಗಳೂರನ್ನೇ ಬೈದ್ಲು, ನಂಗೂ ನಿಲ್ಸೋ ಮನಸ್ಸಾಗ್ಲಿಲ್ಲ ಯಾಕಂದ್ರೆ ಮುಕ್ಕಾಲು ಪಾಲು ನಿಜಾನೇ ಹೇಳ್ತಿದ್ಲು. ಬಸ್ಸಿಂದ ಶುರು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗಿಂದ ಬಸ್ಸಲ್ಲಿ ಹೆಂಗಸರು ಕೂತ್ರೂ ತಪ್ಪು ನಿಂತ್ರೂ ತಪ್ಪು ಮೇಡಂ, ಒಬ್ಬ ಕಂಡಕ್ಟರು ಜೀರೋ ಟಿಕೆಟ್ ಕೊಡೋವಾಗ ಮುಖ ಹೆಂಗಿಟ್ಕೊಂಡಿದ್ದ ಅಂದ್ರೆ ಅವರಪ್ಪನ ಮನೆ ದುಡ್ಡು ಕೊಡ್ತಿರೋ ಥರ, ಇನ್ನೊಂದಿನ ಎಸಿ ವಜ್ರದಲ್ಲಿ ಪೂರ್ತಿ ದುಡ್ಡು ಕೊಟ್ಟು ಕೂತಿದ್ರೆ ಪಕ್ಕದೋನು 'ನಿಮಗೆಲ್ಲಾ ಫ್ರೀ ಅಲ್ವಾ' ಅಂದ, ವಜ್ರಕ್ಕೆ ಫ್ರೀ ಇಲ್ಲ ಸಾರ್ ಅಂತ ಟಿಕೆಟ್ ತೋರ್ಸಿದ್ರೆ ಕಿಟಕಿ ಕಡೆ ತಿರುಗ್ಕೊಂಡ. ಮೆಟ್ರೋದಲ್ಲಿ ಹೆಂಗಸರಿಗೆ ಅಂತ ಬರ್ದಿರೋ ಜಾಗದಲ್ಲೇ ಅಡ್ಡ ನಿಂತು ಮೊಬೈಲ್ ನೋಡೋ ಗಂಡಸರು. ಸ್ಟಾಪಿಂದ ಪೀಜಿಗೆ ಹತ್ತು ನಿಮಿಷದ ದಾರಿ, ಮಧ್ಯೆ ಒಂದು ಬಾರು, ರಾತ್ರಿ ಒಂಬತ್ತೂವರೆ ಆದ್ರೆ ಅಷ್ಟು ದೂರಕ್ಕೇ ಆಟೋ, ಅವನು ಮೀಟರ್ ಹಾಕಲ್ಲ. ಇವಳ ಜೊತೆ ಕೆಲಸ ಮಾಡೋ ಹುಡುಗ ಅದೇ ದಾರೀಲಿ ಸಿಗರೇಟ್ ಸೇದ್ಕೊಂಡು ನಡ್ಕೊಂಡು ಹೋಗ್ತಾನೆ. "ತಿಂಗಳ ಕೊನೇಲಿ ಇಬ್ರ ಅಕೌಂಟ್ ತೆಗೆದು ನೋಡಿ ಮೇಡಂ, ಸಂಬಳ ಒಂದೇ, ಮಿಕ್ಕಿರೋದು ಬೇರೆ ಬೇರೆ."

ಆಮೇಲೆ ಮುಟ್ಟಿನ ರಜೆ. 2025ರ ಅಕ್ಟೋಬರಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳದ ಸಮೇತ ಮುಟ್ಟಿನ ರಜೆಗೆ ಒಪ್ಪಿಗೆ ಕೊಡ್ತಲ್ಲ, ಆ ವಾರ ಇವರ ಆಫೀಸ್ ಕ್ಯಾಂಟೀನಲ್ಲಿ 'ಹಂಗಾದ್ರೆ ನಮಗೂ ಒಂದಿನ ಕೊಡಿ' ಅನ್ನೋ ಜೋಕು ಎಷ್ಟು ಸಲ ಕೇಳಿದ್ಲೋ. ಇವಳಿಗೆ ಆ ರಜೆ ಬಗ್ಗೇನೇ ಎರಡು ಮನಸ್ಸು, ಬೇಕು ಅನ್ಸುತ್ತೆ, ಆದ್ರೆ ತಗೊಂಡ ದಿನ ಇಡೀ ಟೀಮಿಗೆ ಡೇಟ್ ಗೊತ್ತಾಗುತ್ತಲ್ಲ ಅಂತ ಮುಜುಗರ. ಇದನ್ನ ಯಾರ ಹತ್ರಾನೂ ಹೇಳಿಲ್ಲ, ಹೇಳಿದ್ರೆ ಆ ಕಡೆಯೋರಿಗೆ ಅಸ್ತ್ರ ಕೊಟ್ಟಂಗಾಗುತ್ತೆ ಅಂತ. ಅಭಿಪ್ರಾಯ ಅಂದ್ರೆ ಇವಳಿಗೆ ಒಂದು ಕೂದಲೂ ಆ ಕಡೆ ಈ ಕಡೆ ಆಗ್ಬಾರ್ದು, ಇದನ್ನ ನಾನು ಅವತ್ತೇ ಬರ್ಕೊಂಡೆ.

ಚೆಂದದ ವಿಷ್ಯಕ್ಕೆ ಬಂದಾಗ ಮಾತ್ರ ದನಿ ಬದಲಾಯ್ತು. ಪಾರ್ಲರಿಗೆ ಹುಬ್ಬು ಮಾಡ್ಸೋಕೆ ಹೋದ್ರೆ ದಾರ ಹಲ್ಲಲ್ಲಿ ಕಚ್ಕೊಂಡೇ ಆ ಅಕ್ಕ 'ಡೀಟ್ಯಾನ್ ಮಾಡ್ಲಾ' ಅಂತ ಕೇಳ್ತಾಳಂತೆ. ಟ್ಯಾನ್ ಆಗಿಲ್ಲ ಅಕ್ಕ ನಾನು ಹುಟ್ಟಿದ್ದೇ ಹಿಂಗೆ ಅಂದ್ರೆ, ಅಯ್ಯೋ ಹಂಗನ್ಬೇಡಿ ನೀವು ಲಕ್ಷಣವಾಗಿದೀರ ಅಂತಾಳಂತೆ. 1975ರಿಂದ ಮಾರಾಟ ಆಗ್ತಿರೋ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಾಯ್ಸಿ ಗ್ಲೋ ಅಂಡ್ ಲವ್ಲಿ ಆದಾಗ ಇವಳು ಸ್ಟೇಟಸ್ ಹಾಕಿದ್ಲು, 'ನಮ್ಮೂರ ಶೆಟ್ರಂಗಡೀಲಿ ಈಗ್ಲೂ ಹಳೇ ಹೆಸರಲ್ಲೇ ಕೇಳ್ತಾರೆ, ಅಂಗಡಿಯೋರೂ ಅದೇ ಹೆಸರಲ್ಲೇ ಕೊಡ್ತಾರೆ' ಅಂತ.

ಇಷ್ಟೆಲ್ಲಾ ಹೇಳೋ ಹುಡುಗಿ ನನ್ನ ಕೋಣೇಲಿ ಮಾಸ್ಕ್ ತೆಗೀತಿರ್ಲಿಲ್ಲ. ಫ್ಯಾನ್ ಕೆಳಗೂ ಬೆವರ್ತಿದ್ಲು. ಒಂದಿನ ನೀರು ಕುಡಿಯೋಕೆ ಅಂತ ಕೆಳಗೆ ಎಳೆದಾಗ ಕಂಡಿದ್ದು, ಎರಡೂ ಕೆನ್ನೆ ಮೇಲೆ ಕೆಂಪು, ಗದ್ದದ ಹತ್ರ ಸಣ್ಣ ಸಣ್ಣ ಗುಳ್ಳೆ, ಮೀಸೆ ಜಾಗದಲ್ಲಿ ಕೂದಲು ಜಾಸ್ತಿ. ಮುಖಕ್ಕೆ ಏನು ಹಚ್ತೀಯಮ್ಮಾ ಅಂತ ಕೇಳ್ದೆ (ಅಷ್ಟೊತ್ತಿಗೆ 'ನೀನು ಅನ್ನಿ ಮೇಡಂ' ಅಂತ ಅವಳೇ ಹೇಳಿದ್ಲು). ಅವತ್ತು ಅತ್ತಷ್ಟು ಆಮೇಲೆ ಯಾವತ್ತೂ ಅಳ್ಲಿಲ್ಲ.

ಬ್ಯಾಗಿಂದ ತೆಗೆದು ತೋರ್ಸಿದ್ದು ಮೆಡಿಕಲ್ ಶಾಪಲ್ಲಿ ಚೀಟಿ ಇಲ್ದೆ ತಗೊಂಡಿದ್ದ ಸಣ್ಣ ಟ್ಯೂಬು. ಒಳಗೆ ಇದ್ದಿದ್ದು ಸ್ಟೀರಾಯ್ಡ್, ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಮೂರೂ ಸೇರಿದ ಔಷಧಿ. ಚರ್ಮದ ಡಾಕ್ಟ್ರು ಇದನ್ನ ಬಂಗಿಗೆ, ಅಂದ್ರೆ ಮುಖದ ಮೇಲಿನ ಕಪ್ಪು ಕಲೆಗೆ, ಕೆಲವು ವಾರ ಮಾತ್ರ ಅಂತ ಬರ್ಕೊಡೋದುಂಟು. ಇವಳು ಅದನ್ನ ಒಂದೂವರೆ ವರ್ಷ ರಾತ್ರಿ ಕ್ರೀಮ್ ಥರ ಹಚ್ಚಿದಾಳೆ. ಮೊದಮೊದಲು ಮುಖ ತಿಳಿಯಾಗುತ್ತೆ, ಎಲ್ರೂ ಏನ್ ಹಚ್ತೀಯ ಅಂತ ಕೇಳ್ತಾರೆ, ಅಲ್ಲೇ ಸಿಕ್ಕಾಕೊಳ್ಳೋದು. ಆಮೇಲೆ ಚರ್ಮ ತೆಳ್ಳಗಾಗಿ ಸಣ್ಣ ರಕ್ತನಾಳ ಕಾಣೋಕೆ ಶುರುವಾಗುತ್ತೆ, ಗುಳ್ಳೆ ಏಳುತ್ತೆ, ಬಿಸಿಲಿಗೆ ಉರಿಯುತ್ತೆ, ಭಯ ಬಿದ್ದು ನಿಲ್ಸಿದ್ರೆ ಉರಿ ಕೆಂಪು ಎರಡೂ ಇನ್ನೂ ಹೆಚ್ಚಾಗುತ್ತೆ ಅಂತ ಮತ್ತೆ ಅದನ್ನೇ ಹಚ್ತಾರೆ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನ ಡಾಕ್ಟರ ಚೀಟಿ ಇಲ್ದೆ ಮಾರಬಾರ್ದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್ ನಿಯಮ ಬಿಗಿ ಮಾಡ್ತು, ಆದ್ರೂ ಟ್ಯೂಬಿನ ಹೆಸರು ಹೇಳಿದ್ರೆ ಸಾಕು ಕೌಂಟರ್ ಮೇಲೆ ಇಡ್ತಾರೆ.

ಅವಳು ಅತ್ತಿದ್ದು ಮುಖ ಕೆಟ್ಟಿದ್ದಕ್ಕಲ್ಲ ಅಂತ ಗೊತ್ತಾಗಿದ್ದು ಸ್ವಲ್ಪ ಹೊತ್ತಾದ ಮೇಲೆ. "ನಾನು ಫೇಕು ಮೇಡಂ. ಹಗಲೆಲ್ಲಾ ಕಪ್ಪಿದ್ರೆ ಏನೀಗ ಅಂತ ಜಗಳ ಆಡ್ತೀನಿ, ರಾತ್ರಿ ಬಾಗಿಲು ಹಾಕ್ಕೊಂಡು ಇದನ್ನ ಹಚ್ತೀನಿ. ರೂಮ್‌ಮೇಟಿಗೆ ಗೊತ್ತಾಗ್ಬಾರ್ದು ಅಂತ ಟೂತ್‌ಪೇಸ್ಟ್ ಡಬ್ಬದಲ್ಲಿ ಇಟ್ಟಿರ್ತೀನಿ." ನಿದ್ದೆ ಹೋಗಿದ್ದು ಇಲ್ಲಿ. ಆಫೀಸಲ್ಲಿ ಒಂದು ವಿಡಿಯೋ ಮೀಟಿಂಗಲ್ಲಿ ಒಬ್ಬ 'ಲೈಟ್ ಹಾಕ್ಕೊಳಮ್ಮಾ, ಕಾಣ್ತಾನೇ ಇಲ್ಲ' ಅಂದಿದ್ದ, ಎಲ್ಲಾ ನಕ್ಕಿದ್ರು, ಬಾಯಿ ಜೋರಿರೋ ಚೈತ್ರ ಕೂಡ ನಕ್ಕಿದ್ಲು. ಅವತ್ತಿಂದ ಕ್ಯಾಮೆರಾ ಆಫ್. ಅವನು ಅಂದಿದ್ದಕ್ಕಿಂತ ತಾನು ನಕ್ಕಿದ್ದು ಅವಳಿಗೆ ಜಾಸ್ತಿ ಚುಚ್ತಿತ್ತು.

ನಾನು ಹೇಳಿದ್ದು ಇಷ್ಟು. ನೀನು ಹೆಣ್ಣು ಗಂಡು ಚೆಂದ ಅಂತೆಲ್ಲ ಓದಿ ಯೋಚ್ನೆ ಮಾಡಿ ಅಭಿಪ್ರಾಯ ಕಟ್ಕೊಂಡಿದ್ದು ಹತ್ತೊಂಬತ್ತಿಪ್ಪತ್ತರ ಮೇಲೆ. 'ಬಿಸಿಲಿಗೆ ಹೋಗ್ಬೇಡ ಮೊದ್ಲೇ ಕಪ್ಪು' ಅನ್ನೋದು ಕಿವಿಗೆ ಬಿದ್ದಿದ್ದು ಮೂರೋ ನಾಕೋ ವರ್ಷಕ್ಕೆ. ಹೊಸ ಅಭಿಪ್ರಾಯ ಬಾಡಿಗೆಗೆ ಬಂದಿರೋದು, ಹಳೇ ಮಾತು ಸೈಟ್ ತಗೊಂಡು ಸ್ವಂತ ಮನೆ ಕಟ್ಕೊಂಡು ಕೂತಿದೆ. ಎರಡೂ ಒಂದೇ ತಲೇಲಿ ಇರ್ತವೆ, ಅಷ್ಟಕ್ಕೇ ನಿನ್ನ ಅಭಿಪ್ರಾಯ ಸುಳ್ಳಾಗಲ್ಲ, ನೀನು ಮೋಸಗಾತಿಯೂ ಆಗಲ್ಲ. ಇದನ್ನ ಒಂದೇ ಸಲಕ್ಕೆ ಒಪ್ಕೊಳ್ಲಿಲ್ಲ ಅವಳು, ವಾದ ಮಾಡಿದ್ಲು, ಒಳ್ಳೇದೇ ಆಯ್ತು.

ಮೊದಲ ಕೆಲಸ ಚರ್ಮದ ಡಾಕ್ಟ್ರು. ಟ್ಯೂಬನ್ನ ಇವತ್ತೇ ಕಸದ ಬುಟ್ಟಿಗೆ ಹಾಕು ಅಂತ ನಾನು ಹೇಳ್ಲಿಲ್ಲ, ಇಷ್ಟು ದಿನ ಹಚ್ಚಿದ್ದನ್ನ ಹೆಂಗೆ ಬಿಡಿಸ್ಬೇಕು ಅನ್ನೋದು ಅವರು ನೋಡಿ ಹೇಳ್ಬೇಕಾದ್ದು. ಖಾಸಗಿಗೆ ದುಡ್ಡಿಲ್ಲ ಅಂದ್ಲು, ವಿಕ್ಟೋರಿಯಾ, ಬೌರಿಂಗ್ ಎರಡೂ ಸರ್ಕಾರಿ ಆಸ್ಪತ್ರೇಲೂ ಚರ್ಮದ ವಿಭಾಗ ಇದೆ, ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡ್ಸು ಅಂದೆ. ಕನ್ನಡಿ ನೋಡೋದು ದಿನಕ್ಕೆ ಎಷ್ಟೊತ್ತು ಅಂತಾನೂ ಕೇಳಿದ್ದೆ. ಅದು ಗಂಟೆಗಟ್ಟಲೆ ಆಗಿ ಆಫೀಸಿಗೂ ಹೋಗಕ್ಕಾಗದ ಹಂತ ಇದ್ದಿದ್ರೆ ಮಾನಸಿಕ ತಜ್ಞರ ಹತ್ರ ಕಳಿಸ್ತಿದ್ದೆ, ಇವಳದ್ದು ಅಷ್ಟು ದೂರ ಹೋಗಿರ್ಲಿಲ್ಲ. ರಾತ್ರಿ ಹೊತ್ತು ಬಹಳ ಕಷ್ಟ ಅನ್ಸಿದ್ರೆ ಇರ್ಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಫೋನಲ್ಲಿ ಸೇವ್ ಮಾಡ್ಸಿದೆ, ಕನ್ನಡದಲ್ಲೂ ಮಾತಾಡ್ತಾರೆ.

ಕ್ಯಾಮೆರಾಗೆ ಒಂದು ಅಭ್ಯಾಸ ಕೊಟ್ಟೆ. ಮೀಟಿಂಗ್ ಮುಂಚೆ ಒಂದು ಪುಸ್ತಕದಲ್ಲಿ ಬರೀಬೇಕು, ಇವತ್ತು ಕ್ಯಾಮೆರಾ ಹಾಕಿದ್ರೆ ಏನಾಗುತ್ತೆ ಅಂತ ನನಗೆ ಭಯ. ಆಮೇಲೆ ಫಿಲ್ಟರ್ ಇಲ್ದೆ ಐದು ನಿಮಿಷ ಹಾಕ್ಬೇಕು, ತನ್ನ ಮುಖ ತನಗೆ ಕಾಣೋ ಚೌಕ ಮರೆ ಮಾಡಿ. ಮುಗಿದ ಮೇಲೆ ನಿಜಕ್ಕೂ ಏನಾಯ್ತು ಅಂತ ಪಕ್ಕದಲ್ಲೇ ಬರೀಬೇಕು. ಮೊದಲ ಪುಟದಲ್ಲಿ 'ಎಲ್ರೂ ಮುಖಕ್ಕೆ ಏನಾಯ್ತು ಅಂತ ಕೇಳ್ತಾರೆ' ಅಂತ ಬರ್ದಿದ್ಲು, ಪಕ್ಕದಲ್ಲಿ 'ಯಾರೂ ಏನೂ ಕೇಳ್ಲಿಲ್ಲ, ಮ್ಯಾನೇಜರ್ ಎಕ್ಸೆಲ್ ಶೀಟ್ ಯಾಕೆ ಲೇಟು ಅಂತ ಬೈದ್ರು'. ಇದನ್ನ ಓದಿ ನಗು ತಡ್ಕೊಳಕ್ಕಾಗ್ಲಿಲ್ಲ ಇಬ್ರಿಗೂ. ನಿಧಾನಕ್ಕೆ ಐದು ನಿಮಿಷ ಇಡೀ ಮೀಟಿಂಗ್ ಆಯ್ತು, ಮಧ್ಯೆ ಎರಡು ವಾರ ಹಿಂದೆ ಸರಿದಿದ್ದೂ ಉಂಟು.

ಲೈಟ್ ಜೋಕು ಮಾಡ್ದೋನ ಮೇಲೆ ಪಾಶ್ ಕಮಿಟೀಲಿ ದೂರು ಕೊಡ್ಬಹುದಾ ಅಂತ ಕೇಳಿದ್ಲು. 2013ರ ಪಾಶ್ ಕಾಯ್ದೆ ಕೆಲಸದ ಜಾಗದಲ್ಲಿ ಆಗೋ ಲೈಂಗಿಕ ಕಿರುಕುಳಕ್ಕೆ ಸಂಬಂಧಪಟ್ಟಿದ್ದು, ಬರೀ ಮೈಬಣ್ಣದ ತಮಾಷೆ ಅದರಡಿ ಸುಲಭಕ್ಕೆ ನಿಲ್ಲಲ್ಲ, ಆದ್ರೆ ಹಂಗಂತ ಸುಮ್ನಿರ್ಬೇಕು ಅಂತೇನಿಲ್ಲ, ತಾರೀಕು, ಅಂದ ಮಾತು, ಯಾರ್ಯಾರಿದ್ರು ಬರ್ದಿಟ್ಕೊ, ಮೊದಲು ಅವನಿಗೇ ನೇರವಾಗಿ ಒಂದು ಮೆಸೇಜ್ ಹಾಕು, ಮತ್ತೆ ಮಾಡಿದ್ರೆ ಎಚ್ಆರ್‌ಗೆ ಮೇಲ್ ಅಂದೆ. ಮೆಸೇಜಿಗೆ ಅವನು ಸಾರಿ ಅಂತ ಹಾಕಿ ಒಂದು ನಗೋ ಇಮೋಜಿ ಸೇರ್ಸಿದ್ದ. ಆ ಇಮೋಜಿಗೆ ಇವಳಿಗೆ ಮತ್ತೆ ಸಿಟ್ಟು. ನಂಗೂ ಬಂತು ಬಿಡಿ.

ಮನೆ ಕಡೆಯದು ಇನ್ನೂ ಗೋಜಲು. ಗಂಡು ಹುಡುಕ್ತಿದಾರೆ. ಬ್ರೋಕರ್‌ಗೆ ಕೊಟ್ಟ ಬಯೋಡೇಟಾದಲ್ಲಿ ಮೈಬಣ್ಣ ಗೋಧಿ ಅಂತ ಬರ್ಸಿದಾರೆ, ಫೋಟೋ ಸ್ಟುಡಿಯೋದವನು ಮುಖಾನ ಎಷ್ಟು ಬೆಳ್ಳಗೆ ಮಾಡಿದಾನೆ ಅಂದ್ರೆ ಕುತ್ತಿಗೆ ಬೇರೆಯವರದ್ದು ಅನ್ಸುತ್ತೆ. ಬಂದೋರು ಎದುರಿಗೆ ನೋಡಿ ಆಮೇಲೆ ಫೋನ್ ಮಾಡ್ತೀವಿ ಅಂತ ಹೋಗ್ತಾರೆ, ಮಾಡಲ್ಲ. ಚಿಕ್ಕಮ್ಮ ವಾರಕ್ಕೊಂದು ಕಡಲೆಹಿಟ್ಟಿನ ವಿಡಿಯೋ ಕಳಿಸ್ತಾರೆ. ಚೈತ್ರ ಪ್ರತಿ ಸಲ ಚಿಕ್ಕಮ್ಮಂಗೆ ಪೂರ್ತಿ ಭಾಷಣ ಮಾಡ್ತಾಳೆ, ಗೆಲ್ತಾಳೆ, ಗೆದ್ದ ರಾತ್ರಿ ಎರಡು ಸಲ ಕ್ರೀಮ್ ಹಚ್ತಾಳೆ. ಇದನ್ನ ಅವಳೇ ಗಮನಿಸಿ ಹೇಳಿದ್ದು, ನಾನಲ್ಲ.

ಅದಕ್ಕೆ ಭಾಷಣ ನಿಲ್ಸು ಅಂದೆ. "ಚಿಕ್ಕಮ್ಮ, ಬಣ್ಣದ ಮಾತು ನಂಗೆ ನೋವಾಗುತ್ತೆ, ಅದೊಂದು ಬಿಟ್ಟು ಬೇರೇದು ಮಾತಾಡಿ" ಅಷ್ಟೇ ಹೇಳು, ಕಾರಣ ಕೊಡೋಕೆ ಹೋಗ್ಬೇಡ, ಕಾರಣ ಕೊಟ್ರೆ ಅದಕ್ಕೆ ಉತ್ತರ ಬರುತ್ತೆ. ತಕ್ಷಣ ಬೇರೆ ವಿಷ್ಯ ತೆಗಿ, ಈ ಸಲ ಅವರೆಕಾಯಿ ಸೊಗಡು ಹೆಂಗಿದೆ ಅಂತ ಕೇಳು. ಮತ್ತೆ ಅದೇ ಶುರುವಾದ್ರೆ ಅದೇ ವಾಕ್ಯ ಅದೇ ದನೀಲಿ. ಬಯೋಡೇಟಾ ಮತ್ತು ಫೋಟೋ ಮಾತ್ರ ನಿಂದು, ಅದರಲ್ಲಿ ರಾಜಿ ಬೇಡ, ನೀನು ಹೆಂಗಿದೀಯೋ ಹಂಗೇ ಫೋಟೋ ಹೋಗ್ಲಿ, ಬೇಡ ಅನ್ನೋರು ಮನೆಗೆ ಬಂದು ಉಪ್ಪಿಟ್ಟು ಕೇಸರಿಬಾತು ತಿಂದು ಬೇಡ ಅನ್ನೋ ಬದಲು ಫೋನಲ್ಲೇ ಅನ್ಲಿ. ಮದುವೆ ಬೇಕಾ ಬೇಡ್ವಾ, ಈಗ್ಲಾ ಆಮೇಲಾ ಅನ್ನೋದನ್ನ ನಾನು ಹೇಳೋಕೆ ಬರಲ್ಲ, ಅವಳಿಗೂ ಇನ್ನೂ ಗೊತ್ತಿಲ್ಲ.

ಮೇಕಪ್ ಬಿಡ್ಬೇಕಾ ಅಂತ ಒಂದಿನ ಬಹಳ ಗಂಭೀರವಾಗಿ ಕೇಳಿದ್ಲು. ಯಾಕೆ ಬಿಡ್ಬೇಕು? ಕಾಡಿಗೆ ಇಷ್ಟ, ಮೆರೂನ್ ಲಿಪ್‌ಸ್ಟಿಕ್ ಇಷ್ಟ, ಹಾಕ್ಕೊ. ಹಾಕ್ಕೊಂಡಾಗ ಖುಷಿ ಆಗುತ್ತಾ, ಹಾಕ್ಕೊಳದೇ ಹೊರಗೆ ಹೋಗೋಕೆ ಭಯ ಆಗುತ್ತಾ, ಅದನ್ನಷ್ಟೇ ನೋಡ್ಕೊ ಅಂದೆ.

ಒಂದು ಸಲ ಅಮ್ಮನನ್ನ ಕರ್ಕೊಂಡು ಬಂದ್ಲು. ಬರೋಕೆ ಮುಂಚೆ ಅಮ್ಮನ ಬಗ್ಗೆ ನಂಗೆ ಹೇಳಿದ್ದೆಲ್ಲಾ ದೂರೇ. ಎದುರಿಗೆ ಕೂತಿದ್ದು ಸಣ್ಣ ದನಿಯ, ಕಾಟನ್ ಸೀರೆಯ ಹೆಂಗಸು, ಕೆನ್ನೆ ಮೇಲೆ ಕಪ್ಪು ಬಂಗು. ಕಪ್ಪು ಅಂತ ಅವರಿಗೂ ಎರಡು ಸಂಬಂಧ ಬಿಟ್ಟೋಗಿತ್ತಂತೆ, ಮದುವೆ ಆದ ಮೇಲೆ ಅತ್ತೆ ವರ್ಷಗಟ್ಟಲೆ ಅದನ್ನೇ ಆಡ್ಕೊಂಡಿದ್ರಂತೆ. "ನನಗಾದಂಗೆ ಇವಳಿಗೆ ಆಗ್ಬಾರ್ದು ಅಂತ ಅಷ್ಟೇ ಮೇಡಂ, ನಾನೇನು ಶತ್ರುನಾ" ಅಂದ್ರು. ಚೈತ್ರ ಇದನ್ನ ಮೊದಲ ಸಲ ಕೇಳ್ತಿದ್ಲು. ಗೋಧಿ ಅನ್ನೋ ಸಾಲು ತೆಗ್ಸೋಕೆ ಅಮ್ಮ ಒಪ್ಪಿದ್ರು, ಪೂರ್ತಿ ಮನಸ್ಸಿಂದ ಅಲ್ಲ, ಆ ಜಾಗ ಖಾಲಿ ಬಿಡೋಣ ಅಂದ್ರು. ಚೈತ್ರ ಏನೋ ಹೇಳೋಕೆ ಬಾಯಿ ತೆಗೆದು ಸುಮ್ನಾದ್ಲು.

ಅವತ್ತೇ ಇನ್ನೊಂದು ವಿಷ್ಯ ಗೊತ್ತಾಯ್ತು. ಆ ಟ್ಯೂಬನ್ನ ಚೈತ್ರ ಮೊದಲು ನೋಡಿದ್ದು ಮನೇಲಿ, ಅಮ್ಮನ ದೇವರ ಕೋಣೆ ಗೂಡಲ್ಲಿ. ಬಂಗಿಗೆ ಅಂತ ಊರಿನ ಮೆಡಿಕಲ್ ಶಾಪಿನೋನು ಕೊಟ್ಟಿದ್ದಂತೆ, ಅಮ್ಮ ಇನ್ನೂ ಹಚ್ತಿದಾರೆ, ಚೈತ್ರಗಿಂತ ಹೆಚ್ಚು ವರ್ಷದಿಂದ. ಮುಖ ಉರಿಯುತ್ತಾ ಅಂತ ಕೇಳ್ದೆ. ಒಲೆ ಮುಂದೆ ನಿಂತಾಗ ಉರಿಯುತ್ತೆ ಮೇಡಂ, ವಯಸ್ಸಾಯ್ತಲ್ಲ ಅದಕ್ಕೆ ಅಂದ್ಕೊಂಡಿದ್ದೆ ಅಂದ್ರು. ಮಾರನೇ ದಿನ ಚೈತ್ರಗೆ ಬೌರಿಂಗಲ್ಲಿ ಮರುಪರೀಕ್ಷೆ ಇತ್ತು, ಇಬ್ರೂ ಒಟ್ಟಿಗೆ ಹೋದ್ರು, ಎರಡು ಚೀಟಿ ಮಾಡ್ಸಿದ್ರು.